ಪೊರೆಯೂ ಇದೆ, ಕಣ್ಣಿನ ಒತ್ತಡವೂ ಇದೆ: ಮೊದಲು ಯಾವ ಚಿಕಿತ್ಸೆ?

(ನಮ್ಮ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಜೊತೆ ಬಂದವರಿಗಾಗಿ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



ಹಳ್ಳಿಯ ನೇತ್ರ ಶಿಬಿರದಿಂದ ಒಂದೇ ಗಾಡಿಯಲ್ಲಿ ಹತ್ತು ಹನ್ನೆರಡು ಜನ ನಮ್ಮಲ್ಲಿಗೆ ಬರುತ್ತಾರೆ. ಎಲ್ಲರಿಗೂ ಪೊರೆ. ಮರುದಿನ ಒಬ್ಬೊಬ್ಬರನ್ನಾಗಿ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗುತ್ತೇವೆ. ಅವರಲ್ಲಿ ಒಬ್ಬರಿಗೆ ಮಾತ್ರ "ನಿಮಗೆ ಪೊರೆಯ ಜೊತೆಗೆ ಕಣ್ಣಿನ ಒತ್ತಡವೂ ಇದೆ, ಇನ್ನೂ ಕೆಲವು ಪರೀಕ್ಷೆ ಆಗಬೇಕು, ಸ್ವಲ್ಪ ದಿನ ಹನಿ ಹಾಕಿ ಆಮೇಲೆ ನೋಡೋಣ" ಎಂದು ಹೇಳಿದಾಗ ಅವರ ಮಗನಿಗೋ ಸೊಸೆಗೋ ಸಿಟ್ಟು ಬರುತ್ತದೆ. "ಎಲ್ಲಾರ್ದೂ ಮಾಡಿದ್ರಿ, ನಮ್ಮ ಅಪ್ಪಂದಷ್ಟ ಯಾಕ ಬಿಟ್ರಿ?" ಎಂದು ಕೇಳುತ್ತಾರೆ. ಕೂಲಿ ಬಿಟ್ಟು ಬಂದವರು ಹೀಗೆ ಕೇಳುವುದು ನ್ಯಾಯವೇ. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ನಮ್ಮ ಭಾಗದ ಜನರಿಗೆ ಪೊರೆ ಶಸ್ತ್ರಚಿಕಿತ್ಸೆಯ ಮೇಲೆ ಬಹಳ ನಂಬಿಕೆ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು (1916–2005) ಊರೂರು ತಿರುಗಿ ಸಾಮೂಹಿಕ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕುರುಡರಾಗಿ ಹೋದವರು ಕಣ್ಣು ಕಾಣುತ್ತಾ ಮನೆಗೆ ಬಂದದ್ದನ್ನು ಕಂಡವರು ನಂಬದೆ ಇರುತ್ತಾರೆಯೇ? ಆ ನಂಬಿಕೆ ಸರಿಯಾದದ್ದು. ಆದರೆ ಅದು ಪೊರೆಯ ಮಟ್ಟಿಗೆ ಮಾತ್ರ ಸರಿ. ಅದೇ ಕಣ್ಣಿನಲ್ಲಿ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ರೋಗವೂ ಸೇರಿಕೊಂಡಿದ್ದರೆ ಲೆಕ್ಕ ಬೇರೆಯಾಗುತ್ತದೆ. ಗಡಿಭಾಗದವರು ಪೊರೆಗೆ ಮೋತಿಬಿಂದು, ಗ್ಲಾಕೋಮಾಕ್ಕೆ ಕಾಚಬಿಂದು ಎನ್ನುತ್ತಾರೆ. ಹೆಸರು ಅಣ್ಣತಮ್ಮಂದಿರ ಹಾಗೆ ಕೇಳಿಸಿದರೂ ಎರಡರ ಗುಣ ಒಂದಕ್ಕೊಂದು ಸಂಬಂಧವಿಲ್ಲ.

ಪೊರೆ ಎಂದರೆ ಪಾಪೆಯ ಹಿಂದೆ ಇರುವ ಮಸೂರ, ನಾವು ಲೆನ್ಸ್ ಎನ್ನುವುದು, ಮಬ್ಬಾಗುವುದು. ಕಿಟಕಿಯ ಗಾಜಿಗೆ ಹೊಗೆ ಹಿಡಿದ ಹಾಗೆ. ಗಾಜು ಬದಲಾಯಿಸಿದರೆ ಬೆಳಕು ಒಳಗೆ ಬರುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ಗಾಜಲ್ಲ, ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಆ ನರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಇಂದಿನವರೆಗೆ ಅದನ್ನು ಮರಳಿ ತರುವ ಔಷಧವೂ ಇಲ್ಲ, ಆಪರೇಷನ್ನೂ ಇಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು.

"ಹಾಗಾದರೆ ಕಣ್ಣನ್ನೇ ಬದಲಾಯಿಸಿ" ಎನ್ನುವವರೂ ಇದ್ದಾರೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ನೇತ್ರದಾನವಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಇದನ್ನೆಲ್ಲ ಕೇಳಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ನೇತ್ರದಾನದಲ್ಲಿ ಇನ್ನೊಬ್ಬರಿಗೆ ಹಾಕುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಕಾರ್ನಿಯಾವನ್ನು ಮಾತ್ರ. ನರವನ್ನು ಕಸಿ ಮಾಡಲು ಬರುವುದಿಲ್ಲ.

ಇನ್ನು ಒತ್ತಡ ಎಂದರೇನು? ಇದು ರಕ್ತದೊತ್ತಡ ಅಲ್ಲ, ಮನಸ್ಸಿನ ಚಿಂತೆಯೂ ಅಲ್ಲ. ಕಣ್ಣಿನೊಳಗೆ ಒಂದು ತಿಳಿನೀರು ಹಗಲೂ ರಾತ್ರಿ ಹುಟ್ಟುತ್ತಲೇ ಇರುತ್ತದೆ, ಒಂದು ಮೂಲೆಯಲ್ಲಿರುವ ಸಣ್ಣ ಜರಡಿಯ ಮೂಲಕ ಬಸಿದು ಹೋಗುತ್ತಲೇ ಇರುತ್ತದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಬಸಿಯುವುದು ಕಡಿಮೆಯಾದರೆ ಒಳಗೆ ಒತ್ತಡ ಏರಿ ನರವನ್ನು ಹಿಂಡುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21ರ ನಡುವೆ ಇರುತ್ತದೆ. ಕೆಲವರಿಗೆ ಅದರೊಳಗಿದ್ದರೂ ನರ ಸವೆಯುವುದುಂಟು. ಆದ್ದರಿಂದ ಪಕ್ಕದ ಮಂಚದವರ ಅಂಕಿಗೆ ನಿಮ್ಮ ಅಂಕಿ ಹೋಲಿಸಿ ಸಮಾಧಾನವನ್ನಾಗಲಿ ಗಾಬರಿಯನ್ನಾಗಲಿ ಪಡಬೇಡಿ.

ಮನೆಯ ಬಚ್ಚಲ ನೀರು ಹೊರಗೆ ಹೋಗದೆ ನಿಲ್ಲುವುದು ಎರಡು ಕಾರಣಕ್ಕೆ. ಒಂದು, ಮೋರಿಯ ಒಳಗೆ ಕೆಸರು ಕಟ್ಟಿರುತ್ತದೆ. ಮೇಲಿಂದ ನೋಡಿದರೆ ಬಾಯಿ ತೆರೆದೇ ಇದೆ, ಆದರೆ ನೀರು ಇಳಿಯುವುದಿಲ್ಲ. ಇನ್ನೊಂದು, ಮೋರಿ ಚೆನ್ನಾಗಿಯೇ ಇರುತ್ತದೆ, ಯಾವುದೋ ವಸ್ತು ಸರಿದು ಬಂದು ಅದರ ಬಾಯಿಯನ್ನು ಮುಚ್ಚಿರುತ್ತದೆ. ಗ್ಲಾಕೋಮಾದಲ್ಲಿಯೂ ಹೀಗೇ ಎರಡು ಮುಖ್ಯ ಬಗೆ. ಮೊದಲನೆಯದು ತೆರೆದ ಕೋನದ್ದು, ಎರಡನೆಯದು ಮುಚ್ಚಿದ ಕೋನದ್ದು. ನಮ್ಮ ದೇಶದಲ್ಲಿ ಎರಡೂ ಸಾಕಷ್ಟು ಇವೆ.

ಈ ವ್ಯತ್ಯಾಸವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮುಚ್ಚಿದ ಕೋನದ ಗ್ಲಾಕೋಮಾದಲ್ಲಿ ಮೋರಿಯ ಬಾಯಿಗೆ ಅಡ್ಡ ಬರುವುದು ಹಲವು ಬಾರಿ ನಿಮ್ಮ ಪೊರೆ ಬಂದ ಲೆನ್ಸೇ. ವಯಸ್ಸಾದಂತೆ ಲೆನ್ಸ್ ದಪ್ಪವಾಗುತ್ತದೆ. ಎಳೆಯ ವಯಸ್ಸಿನಲ್ಲಿ ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಇದ್ದದ್ದು ಇಳಿವಯಸ್ಸಿನಲ್ಲಿ ಐದರ ಹತ್ತಿರ ಬರುತ್ತದೆ. ಕಣ್ಣು ಚಿಕ್ಕದಾಗಿದ್ದವರಲ್ಲಿ ಅದು ಮುಂದಿನ ಪರದೆಯನ್ನು ತಳ್ಳಿ ಮೂಲೆಯನ್ನು ಮುಚ್ಚುತ್ತದೆ. ನಾವು ಅದನ್ನು ತೆಗೆದು ಹಾಕುವ ಕೃತಕ ಲೆನ್ಸ್ ಸುಮಾರು ಒಂದು ಮಿಲಿಮೀಟರ್ ದಪ್ಪ. ಅಂದಮೇಲೆ ಒಳಗೆ ಎಷ್ಟು ಜಾಗ ಬಿಡುವಾಗುತ್ತದೆ ನೀವೇ ಯೋಚಿಸಿ. ಇಂಥವರಿಗೆ ಪೊರೆ ಆಪರೇಷನ್ನೇ ಒತ್ತಡಕ್ಕೂ ಒಳ್ಳೆಯ ಚಿಕಿತ್ಸೆಯಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಐದು ದೇಶಗಳ 419 ರೋಗಿಗಳನ್ನು ಮೂರು ವರ್ಷ ಗಮನಿಸಿದರು. ಅವರೆಲ್ಲ 50 ದಾಟಿದವರು, ಕೋನ ಮುಚ್ಚುವ ತೊಂದರೆ ಇದ್ದವರು. ಅವರಿಗೆ ಪೊರೆ ಇನ್ನೂ ಬಂದಿರಲಿಲ್ಲ. ಆದರೂ ಲೆನ್ಸ್ ತೆಗೆದವರ ಕಣ್ಣು, ಮೊದಲು ಲೇಸರ್ ಮಾಡಿಸಿಕೊಂಡವರ ಕಣ್ಣಿಗಿಂತ ಚೆನ್ನಾಗಿ ಉಳಿಯಿತು, ಹನಿಗಳ ಅಗತ್ಯವೂ ಕಡಿಮೆಯಾಯಿತು. ಹಾಗೆಂದು ಎಲ್ಲರೂ ಓಡಿಬಂದು ಒಳ್ಳೆಯ ಲೆನ್ಸ್ ತೆಗೆಸಿಕೊಳ್ಳಬೇಕಿಲ್ಲ. ಆದರೆ ಕೋನವೂ ಮುಚ್ಚಿದೆ, ಪೊರೆಯೂ ಬಂದಿದೆ ಎಂದಮೇಲೆ ಮುಂದೂಡುವುದರಲ್ಲಿ ಲಾಭವಿಲ್ಲ.

ಇಲ್ಲಿಯೇ ಒಂದು ಮಾತು. "ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ ಆಮೇಲೆ ತೆಗೆಸೋಣ" ಎಂಬುದು ಹಳೆಯ ಕಾಲದ ಮಾತು. ಆಗಿನ ಶಸ್ತ್ರಚಿಕಿತ್ಸೆಗೆ ಅದು ಬೇಕಾಗಿತ್ತು, ಈಗಿನದಕ್ಕೆ ಬೇಡ. ಹಣ್ಣಾದ ಪೊರೆ ಊದಿಕೊಂಡು ಒಮ್ಮೆಲೇ ಕೋನವನ್ನು ಮುಚ್ಚಬಹುದು, ಅಥವಾ ಅದರ ರಸ ಸೋರಿ ಜರಡಿಗೆ ಸಿಕ್ಕಿಕೊಳ್ಳಬಹುದು. ಆಗ ಕಣ್ಣು ಕೆಂಡದಂತೆ ಕೆಂಪಾಗುತ್ತದೆ, ಕಣ್ಣು ಹಾಗೂ ಆ ಬದಿಯ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ವಾಂತಿಯನ್ನು ನೋಡಿ ಪಿತ್ತ ಎಂದುಕೊಂಡು ಎರಡು ಮೂರು ದಿನ ಮನೆಯಲ್ಲೇ ಕಳೆದು ಬರುವವರು ಬಹಳ. ಇದು ಗಂಟೆಗಳ ಲೆಕ್ಕದ ರೋಗ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಗಾಗಲೆಂದು ಕಾಯಬೇಡಿ.

ತೆರೆದ ಕೋನದ ಗ್ಲಾಕೋಮಾ ಇದಕ್ಕೆ ವಿರುದ್ಧ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲ. ದೃಷ್ಟಿ ಸುತ್ತಲಿನ ಅಂಚಿನಿಂದ ಸವೆಯುತ್ತಾ ಬರುತ್ತದೆ. ಎದುರಿನ ಮುಖ ಕಾಣುತ್ತದೆ, ಪಕ್ಕದಲ್ಲಿ ಬಂದ ಸೈಕಲ್ಲು ಕಾಣುವುದಿಲ್ಲ. ಹೊಸ್ತಿಲು ಎಡವುತ್ತಾರೆ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ತಮಿಳುನಾಡಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ, ಗ್ಲಾಕೋಮಾ ಇದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಆ ರೋಗ ಇದೆಯೆಂದೇ ಗೊತ್ತಿರಲಿಲ್ಲ. ಪೊರೆಗೆಂದು ಬಂದಾಗಲೇ ನಮ್ಮಲ್ಲಿಯೂ ಅನೇಕರಲ್ಲಿ ಅದು ಪತ್ತೆಯಾಗುವುದು. ಹಾಗೆ ನೋಡಿದರೆ ಪೊರೆ ಬಂದದ್ದು ಅವರ ಪುಣ್ಯ.

ಇಂಥವರಲ್ಲಿ ಪೊರೆ ತೆಗೆದರೆ ಒತ್ತಡ ಎರಡು ಮೂರು ಅಂಶ ಇಳಿಯಬಹುದು, ಕೆಲವರಿಗೆ ಅದೂ ನಿಲ್ಲುವುದಿಲ್ಲ. ಕೆಸರು ಮೋರಿಯ ಒಳಗೇ ಇದೆಯಲ್ಲ. ಆದ್ದರಿಂದ ಅವರಿಗೆ ಚಿಕಿತ್ಸೆಯನ್ನು ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ. ಯೋಚಿಸುವ ಮೊದಲು ಮೂರು ವಿಷಯ ನಮಗೆ ಗೊತ್ತಾಗಬೇಕು: ಕೋನ ತೆರೆದಿದೆಯೋ ಮುಚ್ಚಿದೆಯೋ, ನರ ಎಷ್ಟು ಸವೆದಿದೆ, ಒತ್ತಡ ಎಷ್ಟು ಹನಿಗಳಲ್ಲಿ ಹತೋಟಿಗೆ ಬರುತ್ತದೆ. ಮರಗಟ್ಟುವ ಹನಿ ಹಾಕಿ ಸಣ್ಣ ಕನ್ನಡಿಯ ಲೆನ್ಸೊಂದನ್ನು ಕಣ್ಣಿಗೆ ತಾಗಿಸಿ ಕೋನ ನೋಡುತ್ತೇವೆ. ನೋವಾಗುವುದಿಲ್ಲ. ಬಟ್ಟಲಿನಂತಹ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಲು ಹೇಳುತ್ತೇವೆ. ಅದು ಸುತ್ತಳತೆಯ ದೃಷ್ಟಿಯ ಪರೀಕ್ಷೆ. "ಹಿಂತಾ ಆಟ ಯಾಕ್ರಿ" ಎಂದು ಬೇಸರಿಸಬೇಡಿ. ಪೊರೆ ದಟ್ಟವಾಗಿದ್ದರೆ ಈ ಪರೀಕ್ಷೆಯೂ ಪೂರ್ತಿ ನಂಬುವಂತಿರುವುದಿಲ್ಲ, ನರವೂ ಸ್ಪಷ್ಟವಾಗಿ ಕಾಣುವುದಿಲ್ಲ. ಹಾಗಾಗಿ ಪೊರೆ ತೆಗೆದ ಮೇಲೆ ಮತ್ತೊಮ್ಮೆ ಮಾಡುತ್ತೇವೆ. ಹಣ ಕೀಳಲು ಎರಡು ಸಲ ಮಾಡಿದರು ಎಂದು ತಿಳಿಯಬೇಡಿ. ಆ ಎರಡನೆಯದೇ ಮುಂದಿನ ವರ್ಷಗಳಿಗೆ ಅಳತೆಗೋಲು.

ನರ ಹೆಚ್ಚು ಸವೆದಿಲ್ಲ, ಒಂದೆರಡು ಹನಿಯಲ್ಲಿ ಒತ್ತಡ ಹತೋಟಿಯಲ್ಲಿದೆ ಎನ್ನುವವರಿಗೆ ಪೊರೆ ಆಪರೇಷನ್ ಮಾತ್ರ ಮಾಡುತ್ತೇವೆ. ಹನಿ ಮುಂದುವರಿಯುತ್ತದೆ. ಬಹುಪಾಲು ಜನ ಈ ಗುಂಪಿನವರೇ. ಇವರಲ್ಲಿ ಕೆಲವರಿಗೆ ಹನಿಯ ಭಾರ ಇಳಿಸಲು ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆಯೂ ಉಂಟು. ಕೆಲವೇ ನಿಮಿಷದ ಕೆಲಸ, ಗಾಯವಿಲ್ಲ. ಅದರ ಪರಿಣಾಮ ಕೆಲವು ವರ್ಷಗಳಲ್ಲಿ ತಗ್ಗಬಹುದು, ಬೇಕಾದರೆ ಮತ್ತೆ ಮಾಡಬಹುದು. ತೆರೆದ ಕೋನದವರಿಗೆ ಮಾತ್ರ ಇದು ಹೊಂದುತ್ತದೆ.

ಮೂರು ನಾಲ್ಕು ಹನಿ ಹಾಕಿದರೂ ಒತ್ತಡ ಇಳಿಯುತ್ತಿಲ್ಲ, ನರ ಬಹಳ ಸವೆದಿದೆ, ಪೊರೆಯೂ ಇದೆ ಎನ್ನುವವರ ವಿಚಾರವೇ ಕಠಿಣ. ಇವರಿಗೆ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದರ ಹೆಸರು ಟ್ರಾಬೆಕ್ಯುಲೆಕ್ಟಮಿ. ಉದ್ದನೆಯ ಹೆಸರು, "ಟ್ರ್ಯಾಬ್" ಎಂದರೂ ಸಾಕು. 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ಎಂಬ ವೈದ್ಯರು ಇದನ್ನು ವಿವರಿಸಿದರು. ಐವತ್ತು ವರ್ಷ ಕಳೆದರೂ ಒತ್ತಡವನ್ನು ಚೆನ್ನಾಗಿ ಕೆಳಗಿಳಿಸುವ ವಿಧಾನಗಳಲ್ಲಿ ಇದು ಇಂದಿಗೂ ಮುಂದಿದೆ. ಮೇಲ್ರೆಪ್ಪೆಯ ಕೆಳಗೆ, ಕಣ್ಣಿನ ಬಿಳಿಭಾಗದಲ್ಲಿ ನೀರು ಬಸಿಯಲು ಹೊಸ ದಾರಿ ಮಾಡುತ್ತೇವೆ. ನೀರು ಅಲ್ಲಿಂದ ಬಂದು ತೆಳುಪದರದ ಅಡಿಯಲ್ಲಿ ಸಣ್ಣ ಗುಳ್ಳೆಯಾಗಿ ನಿಲ್ಲುತ್ತದೆ, ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಇದರಲ್ಲಿ ಒಂದು ವಿಚಿತ್ರವಿದೆ. ಬೇರೆ ಎಲ್ಲ ಆಪರೇಷನ್‌ಗಳಲ್ಲಿ ಗಾಯ ಬೇಗ ಮಾಯಲಿ ಎಂದು ವೈದ್ಯರೂ ರೋಗಿಯೂ ಹಾರೈಸುತ್ತಾರೆ. ಇದರಲ್ಲಿ ಗಾಯ ಪೂರ್ತಿ ಮಾಯ್ದರೆ ಹೊಸ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಗಾಯ ಕೂಡಿಕೊಳ್ಳುವುದನ್ನು ತಡೆಯುವ ಔಷಧವನ್ನು ಆಪರೇಷನ್ ಸಮಯದಲ್ಲೇ ಹಚ್ಚುತ್ತೇವೆ.

ಇದನ್ನು ಪೊರೆಯ ಜೊತೆಗೇ ಒಂದೇ ಸಲಕ್ಕೆ ಮಾಡಬಹುದು. ಒಂದೇ ಬಾರಿ ಆಪರೇಷನ್ ಕೋಣೆ, ಒಂದೇ ಚೇತರಿಕೆ, ಕಣ್ಣೂ ಸ್ವಚ್ಛವಾಗುತ್ತದೆ. ಮೊದಲ ರಾತ್ರಿ ಒತ್ತಡ ದಿಢೀರನೆ ಏರುವ ಭಯವೂ ಕಡಿಮೆ. ನರ ಬಹಳ ಸವೆದವರಿಗೆ ಅಂಥ ಒಂದು ರಾತ್ರಿಯ ಏರಿಕೆಯೂ ಅಪಾಯಕಾರಿ. ಆದರೆ ಟ್ರ್ಯಾಬ್ ಒಂದನ್ನೇ ಮಾಡಿದಾಗ ಇಳಿಯುವಷ್ಟು ಒತ್ತಡ ಜೋಡಿ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಇಳಿಯುವುದಿಲ್ಲ. ಹೀಗಾಗಿ ಒತ್ತಡ ತೀರಾ ಹೆಚ್ಚಿದ್ದು ಪೊರೆ ಇನ್ನೂ ಸಣ್ಣದಿದ್ದರೆ ಮೊದಲು ಟ್ರ್ಯಾಬ್ ಮಾಡಿ, ಆರು ತಿಂಗಳೋ ಒಂದು ವರ್ಷವೋ ಕಳೆದು ಗುಳ್ಳೆ ಗಟ್ಟಿಯಾಗಿ ನೆಲೆನಿಂತ ಮೇಲೆ ಪೊರೆಗೆ ಕೈಹಾಕುತ್ತೇವೆ. ಟ್ರ್ಯಾಬ್ ಆದ ಮೇಲೆ ಪೊರೆ ಬೇಗ ಬೆಳೆಯುತ್ತದೆ, ಇದನ್ನು ಮೊದಲೇ ತಿಳಿದಿರಿ. "ಒತ್ತಡದ ಆಪರೇಷನ್ ಮಾಡಿಸಿದ್ದಕ್ಕೇ ಕಣ್ಣು ಮಬ್ಬಾಯಿತು" ಎಂದು ಬೇಸತ್ತು ಬರುವುದನ್ನೇ ಬಿಟ್ಟವರಿದ್ದಾರೆ. ಮಬ್ಬಾದದ್ದು ಪೊರೆಯಿಂದ, ಅದನ್ನು ತೆಗೆಯಬಹುದು.

ಟ್ರ್ಯಾಬ್ ಫಲಿಸದವರಿಗೆ ಕಣ್ಣಿನಲ್ಲಿ ಸಣ್ಣ ನಳಿಕೆ ಇಡುವ ವಿಧಾನವಿದೆ. ಮದುರೈನ ಅರವಿಂದ ಸಂಸ್ಥೆಯ ಅರೋಲ್ಯಾಬ್ ಅಂಥ ಸಾಧನವನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ತಯಾರಿಸುತ್ತಿದೆ. ಇನ್ನು ಪೊರೆ ತೆಗೆಯುವಾಗಲೇ ಜರಡಿಯೊಳಗೆ ಕೂದಲೆಳೆಯಷ್ಟು ಸಣ್ಣ ಕೊಳವೆ ಇಡುವ ಹೊಸ ವಿಧಾನಗಳನ್ನು ದೊಡ್ಡ ನಗರಗಳಲ್ಲಿ ಮಾಡುತ್ತಾರೆ. ಅವು ರೋಗದ ಆರಂಭ ಮತ್ತು ನಡುವಿನ ಹಂತದವರಿಗೆ. ನರ ಬಹಳ ಸವೆದವರಿಗೆ ಅವು ಸಾಲುವುದಿಲ್ಲ, ವೆಚ್ಚವೂ ಹೆಚ್ಚು. ಅದು ಸಿಗಲಿಲ್ಲವೆಂದು ಕೊರಗಬೇಕಾದ ಕಾರಣವಿಲ್ಲ.

ಇಷ್ಟೆಲ್ಲ ವೈದ್ಯಕೀಯ ಲೆಕ್ಕವಾಯಿತು. ಇನ್ನೊಂದು ಲೆಕ್ಕ ನಿಮ್ಮ ಮನೆಯದು. ಅದನ್ನು ನೀವು ಹೇಳದೆ ನಮಗೆ ತಿಳಿಯುವುದಿಲ್ಲ. ಟ್ರ್ಯಾಬ್ ಎಂಬುದು ಮೇಜಿನ ಮೇಲೆ ಮುಗಿಯುವ ಚಿಕಿತ್ಸೆಯಲ್ಲ. ಮೊದಲ ತಿಂಗಳು ಹೆಚ್ಚುಕಡಿಮೆ ಪ್ರತಿ ವಾರ ಬರಬೇಕು. ಕೆಲವೊಮ್ಮೆ ಹೊಲಿಗೆ ಸಡಿಲಿಸಬೇಕು, ಗುಳ್ಳೆಯನ್ನು ಸರಿಪಡಿಸಬೇಕು. ಆ ಭೇಟಿಗಳು ತಪ್ಪಿದರೆ ಒಳ್ಳೆಯ ಆಪರೇಷನ್ನೂ ಕೆಡುತ್ತದೆ. ಮಗ ಬೆಂಗಳೂರಿನಲ್ಲಿ, ಊರಿಗೆ ದಿನಕ್ಕೆರಡೇ ಬಸ್ಸು, ಕರೆತರುವವರು ಯಾರೂ ಇಲ್ಲ ಎಂದರೆ ದಯವಿಟ್ಟು ಮೊದಲೇ ಹೇಳಿ. ನಾಚಿಕೆ ಪಡಬೇಡಿ. ಆಗ ಸುಗ್ಗಿ ಮುಗಿಯುವವರೆಗೆ ಹನಿ ಮತ್ತು ಮಾತ್ರೆಯಲ್ಲಿ ನಡೆಸಬಹುದೇ, ಮೊದಲ ವಾರಗಳಲ್ಲಿ ಇಲ್ಲೇ ಹತ್ತಿರದ ನೆಂಟರ ಮನೆಯಲ್ಲಿ ಇರಬಹುದೇ ಎಂದು ಒಟ್ಟಿಗೆ ಯೋಚಿಸೋಣ. ಹಾಗೆಯೇ ದಿನಕ್ಕೆ ಮೂರು ಬಗೆಯ ಹನಿ ಹಾಕಲು ಕೈ ನಡುಗುತ್ತದೆ, ಹಾಕುವವರಿಲ್ಲ, ತಿಂಗಳ ಔಷಧದ ದುಡ್ಡಿಗೆ ತೊಂದರೆ ಎನ್ನುವುದಾದರೆ ಅದನ್ನೂ ಹೇಳಿ. ಹಾಕದೇ ಇದ್ದು "ಹಾಕ್ತೀನ್ರಿ" ಎಂದರೆ, ಒತ್ತಡ ಇಳಿಯದ್ದಕ್ಕೆ ನಾವು ಇನ್ನೊಂದು ಹನಿ ಸೇರಿಸುತ್ತೇವೆ, ಇಲ್ಲವೇ ಬೇಡದ ಆಪರೇಷನ್ನಿಗೆ ಇಳಿಯುತ್ತೇವೆ. ಹನಿ ಹಾಕಲಾಗದವರಿಗೆ ಆಪರೇಷನ್ ಬೇಗ ಮಾಡುವುದೇ ಒಳ್ಳೆಯದು ಎನ್ನುವ ಸಂದರ್ಭಗಳೂ ಇವೆ. ಸತ್ಯ ಗೊತ್ತಿದ್ದರೆ ಮಾತ್ರ ಸರಿಯಾದ ದಾರಿ ಹಿಡಿಯಬಹುದು.

ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ಇನ್ನು ಕೆಲವು ಸಂಗತಿ. ದಮ್ಮು ಇದೆಯೇ, ನಾಡಿ ನಿಧಾನವೇ? ಹಾಗಿದ್ದರೆ ಟಿಮೊಲಾಲ್ ಎಂಬ ಹನಿ ಆಗಿಬರುವುದಿಲ್ಲ. ಕಣ್ಣಿಗೆ ಹಾಕಿದ್ದು ಎದೆಗೇನು ಮಾಡೀತು ಎಂದುಕೊಳ್ಳಬೇಡಿ, ಮಾಡುತ್ತದೆ. ಗಂಡಸರು ಮೂತ್ರ ಸರಾಗವಾಗಲೆಂದು ಟ್ಯಾಮ್ಸುಲೋಸಿನ್ ಮಾತ್ರೆ ತಿನ್ನುತ್ತಿದ್ದರೆ ಪೊರೆ ಆಪರೇಷನ್ನಿಗೆ ಮೊದಲೇ ಹೇಳಬೇಕು. ಅದರಿಂದ ಕಣ್ಣಿನ ಪರದೆ ಸಡಿಲವಾಗಿ ಕೈಗೆ ಅಡ್ಡ ಬರುತ್ತದೆ. ಗೊತ್ತಿದ್ದರೆ ಸಿದ್ಧವಾಗಿರುತ್ತೇವೆ. ರಕ್ತ ತೆಳುವಾಗುವ ಮಾತ್ರೆಯಿದ್ದರೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಕೀಲುನೋವಿಗೋ ದಮ್ಮಿಗೋ ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಿಂದಿದ್ದರೆ, ಕಣ್ಣು ತುರಿಸುತ್ತದೆಂದು ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ಹನಿ ತಂದು ಹಾಕಿಕೊಂಡಿದ್ದರೆ ಆ ಡಬ್ಬಿಗಳನ್ನು ತನ್ನಿ. ಸ್ಟಿರಾಯ್ಡ್ ಪೊರೆಯನ್ನೂ ತರುತ್ತದೆ, ಒತ್ತಡವನ್ನೂ ಏರಿಸುತ್ತದೆ. ಒಂದೇ ಬಾಟಲಿಯಿಂದ ಎರಡು ರೋಗ.

ಆಪರೇಷನ್ ಆದ ನಂತರ ಹೆಚ್ಚು ಗೊಂದಲವಾಗುವುದು ಹನಿಗಳಲ್ಲೇ. ಪೊರೆ ತೆಗೆದ ಮೇಲೆ ನಾವು ಕೊಡುವ ಹನಿಯಲ್ಲಿಯೂ ಸ್ಟಿರಾಯ್ಡ್ ಇರುತ್ತದೆ. ಉರಿಯೂತ ಇಳಿಯಲು ಅದು ಬೇಕು, ನಾಲ್ಕರಿಂದ ಆರು ವಾರ ಹಾಕಿ ನಿಲ್ಲಿಸಬೇಕು. ಒತ್ತಡದ ಹನಿ ಬೇರೆ. ಅದನ್ನು ನಿಲ್ಲಿಸಿ ಎಂದು ವೈದ್ಯರು ಬಾಯಿಬಿಟ್ಟು ಹೇಳುವವರೆಗೆ ಮುಂದುವರಿಸಬೇಕು. ನಡೆಯುವುದು ಎಷ್ಟೋ ಸಲ ತಿರುಗಾಮುರುಗಾ: "ಪೊರಿ ತಗಸೀವಿ, ಚೊಲೋ ಕಾಣಾಕ್ಹತ್ತೇತಿ, ಇನ್ಯಾಕ" ಎಂದು ಒತ್ತಡದ ಹನಿ ನಿಲ್ಲಿಸುತ್ತಾರೆ, ಕಣ್ಣು ತಣ್ಣಗಿರುತ್ತದೆಂದು ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕುತ್ತಾರೆ. ಸ್ವಚ್ಛವಾಗಿ ಕಾಣುತ್ತಿರುವ ಕಣ್ಣಿನಲ್ಲಿ ಒಳಗೊಳಗೇ ನರ ಹೋಗುತ್ತಿರುತ್ತದೆ. ಮೊಮ್ಮಕ್ಕಳಿಗೆ ಹೇಳಿ ಒತ್ತಡದ ಬಾಟಲಿಗೆ ಕೆಂಪು ದಾರ ಕಟ್ಟಿಸಿ. ಬಾಟಲಿ ಒಡೆದ ತಾರೀಖು ಅದರ ಮೇಲೆ ಬರೆಸಿ, ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಎಸೆಯಿರಿ. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೆ ಹೋಗುತ್ತದೆ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಿ. ಹಾಕಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಹೊಸದಾಗಿ ಆಪರೇಷನ್ ಆದ ಕಣ್ಣಿಗೆ ಮಾತ್ರ ಹೀಗೆ ಒತ್ತಬೇಡಿ. ಸೋಮವಾರ, ಶಿವರಾತ್ರಿ ಉಪವಾಸವಿದ್ದರೂ ಹನಿ ಬಿಡಬಾರದು. ಅದು ಹೊಟ್ಟೆಗೆ ತಿನ್ನುವ ಪದಾರ್ಥವಲ್ಲ.

ಟ್ರ್ಯಾಬ್ ಆದವರು ಜೀವನಪೂರ್ತಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಮೇಲ್ರೆಪ್ಪೆಯ ಕೆಳಗಿನ ಆ ಗುಳ್ಳೆ ಬಹಳ ತೆಳು. ಕಣ್ಣು ಉಜ್ಜಬಾರದು. ಹಳ್ಳ, ಕೆರೆಯಲ್ಲಿ ಮುಳುಗಬಾರದು. ಜೋಳದ ರಾಶಿ, ಮೆಣಸಿನಕಾಯಿ ಕುಟ್ಟುವ ಕಡೆ ಕನ್ನಡಕವಿಲ್ಲದೆ ಹೋಗಬಾರದು. ಎಷ್ಟು ವರ್ಷದ ನಂತರವಾದರೂ ಸರಿ, ಆ ಕಣ್ಣು ಕೆಂಪಾಗಿ ಪಿಸುರು ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಎದೆಹಾಲು, ಜೇನು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಯಾವುದನ್ನೂ ಬಿಡಬೇಡಿ.

ಪೂಜೆಯ ಬಗ್ಗೆ ಭಕ್ತರು ಸಂಕೋಚದಿಂದ ಕೇಳುತ್ತಾರೆ. ಇಷ್ಟಲಿಂಗ ಪೂಜೆ ಒಂದು ದಿನವೂ ನಿಲ್ಲಿಸಬೇಕಿಲ್ಲ. ಮೊದಲ ಕೆಲವು ವಾರ ಒಣ ವಿಭೂತಿಯ ಪುಡಿ ಕಣ್ಣಿಗೆ ಉದುರದಂತೆ, ರೆಪ್ಪೆಯ ಹತ್ತಿರ ಬಾರದಂತೆ ತೆಳುವಾಗಿ ಧರಿಸಿ. ಪಾದೋದಕ ಸ್ವೀಕರಿಸಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವ ರೂಢಿ ಹಲವರಿಗಿದೆ, ಅದನ್ನು ಮಾತ್ರ ಬಿಡಿ. ಅಂಗೈಯ ಲಿಂಗ ಸ್ಪಷ್ಟ ಕಾಣುವುದಿಲ್ಲವೆಂಬುದು ಇನ್ನೊಂದು ದೂರು. ನಾವು ಸಾಮಾನ್ಯವಾಗಿ ಹಾಕುವ ಲೆನ್ಸ್ ದೂರ ನೋಡಲು ಹೊಂದಿಸಿದ್ದು. ಹತ್ತಿರಕ್ಕೆ ಕನ್ನಡಕ ಬೇಕು. ದೂರ ಹತ್ತಿರ ಎರಡೂ ಕಾಣುವ ದುಬಾರಿ ಲೆನ್ಸ್ ಕೇಳುವವರಿದ್ದಾರೆ, ಆದರೆ ಗ್ಲಾಕೋಮಾ ಇದ್ದ ಕಣ್ಣಿಗೆ ಅದನ್ನು ನಾನು ಹೇಳುವುದಿಲ್ಲ. ಮಸುಕು ಬೆಳಕಿನಲ್ಲಿ ವಸ್ತುವನ್ನು ಬೇರ್ಪಡಿಸಿ ನೋಡುವ ಶಕ್ತಿ ಈ ರೋಗದಲ್ಲಿ ಮೊದಲೇ ಕುಂದಿರುತ್ತದೆ, ಆ ಲೆನ್ಸ್ ಅದನ್ನು ಇನ್ನಷ್ಟು ಕುಂದಿಸುತ್ತದೆ. ಪೂಜೆ, ಓದು, ಹೊಲಿಗೆ ನಿಮಗೆ ಮುಖ್ಯವಾಗಿದ್ದರೆ ಲೆನ್ಸಿನ ಅಳತೆ ತೆಗೆಯುವ ದಿನವೇ ಹೇಳಿ.

ಆಪರೇಷನ್ನಿಗೆ ಮುಂಚೆ ನಿಮ್ಮ ವೈದ್ಯರನ್ನು ಒಂದು ಪ್ರಶ್ನೆ ಅವಶ್ಯ ಕೇಳಿ: "ಈ ಕಣ್ಣಿನಲ್ಲಿ ಪೊರೆಯಿಂದ ಹೋದದ್ದೆಷ್ಟು, ನರದಿಂದ ಹೋದದ್ದೆಷ್ಟು?" ಪೊರೆ ದಟ್ಟವಿದ್ದಾಗ ಉತ್ತರ ಅಂದಾಜಿನದೇ ಇರಬಹುದು. ಆದರೂ ಕೇಳಿ. ಪಟ್ಟಿ ಬಿಚ್ಚಿದ ದಿನ ಬಣ್ಣ ಹೊಳೆಯುತ್ತದೆ, ಮುಖ ಕಾಣುತ್ತದೆ, ಆದರೆ ಅಂಚು ಕತ್ತಲಾಗಿಯೇ ಉಳಿದರೆ, ಅದು ಶಸ್ತ್ರಚಿಕಿತ್ಸೆ ಕೆಟ್ಟದ್ದರಿಂದಲ್ಲ ಎಂದು ಮನೆಯವರಿಗೂ ಗೊತ್ತಿರಲಿ.

ಕೊನೆಯದಾಗಿ, ಜೊತೆಗೆ ಬಂದಿರುವ ಮಕ್ಕಳಿಗೆ, ತಮ್ಮಂದಿರಿಗೆ, ತಂಗಿಯರಿಗೆ. ಗ್ಲಾಕೋಮಾ ರಕ್ತಸಂಬಂಧದಲ್ಲಿ ಬರುವ ರೋಗ. ಒಡಹುಟ್ಟಿದವರಿಗೂ ಮಕ್ಕಳಿಗೂ ಇದರ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಅಪ್ಪನನ್ನು ಕರೆತಂದು ಇಡೀ ದಿನ ಈ ಬೆಂಚಿನ ಮೇಲೆ ಕಾಯುವ ನೀವು 40 ದಾಟಿದ್ದರೆ, ಹೊರಡುವ ಮುನ್ನ ನಿಮ್ಮ ಹೆಸರಿನಲ್ಲಿಯೂ ಒಂದು ಚೀಟಿ ಮಾಡಿಸಿ ಕಣ್ಣಿನ ಒತ್ತಡ ಮತ್ತು ನರ ತೋರಿಸಿಕೊಂಡು ಹೋಗಿ. ಸ್ವಲ್ಪ ಹೊತ್ತಿನ ಕೆಲಸ. ಈಗ ಸಿಸ್ಟರ್ ಅವರು ಹನಿ ಹಾಕುವ ವಿಧಾನವನ್ನು ತೋರಿಸುತ್ತಾರೆ. ಮನೆಯಲ್ಲಿ ಹನಿ ಹಾಕುವವರು ಯಾರೋ ಅವರೇ ಮುಂದೆ ಬಂದು ಕುಳಿತುಕೊಳ್ಳಿ.